ಮಳೆಕಾಡಿನ ಹಕ್ಕಿಗಳ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮಲೆನಾಡಿನ ಕಾಡುಹಕ್ಕಿಗಳ ಸಂಖ್ಯೆಯನ್ನು ಕುರಿತವು. ಹವಾಮಾನ ಬದಲಾವಣೆಯಿಂದ ಹಕ್ಕಿಗಳು ಕಡಿಮೆಯಾಗುತ್ತಿವೆ ಎಂದು ಓದಿದವರು, ಕಡಿಮೆಯಾದದ್ದನ್ನು ಅಳೆದದ್ದು ಹೇಗೆ, ಆ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳಿದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಂಡಗದ್ದೆಯಲ್ಲಿ ರಸ್ತೆ ಬದಿಗೆ ನಿಂತರೆ ತುಂಗಾ ನದಿಯ ನಡುಗಡ್ಡೆಯ ಮರಗಳ ಮೇಲಿನ ಹಕ್ಕಿಗಳನ್ನೆಲ್ಲ ಎಣಿಸಬಹುದು. ಆಗುಂಬೆಯ ಕಾಡಿನಲ್ಲಿ ಹಾಗೆ ನೇರವಾಗಿ ಎಣಿಸಲು ಏಕೆ ಸಾಧ್ಯವಿಲ್ಲ?
(ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಮಂಡಗದ್ದೆಯ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಹಾಗೂ ಸೊರಬ ತಾಲ್ಲೂಕಿನ ಗುಡವಿಯ ಕೆಂಬರಲುಗಳು ಮಳೆಗಾಲದಲ್ಲಿ ಒಂದೇ ಕಡೆ ಗುಂಪಾಗಿ ಗೂಡು ಕಟ್ಟುತ್ತವೆ. ಗೂಡು ಬಯಲಿಗೆ ಕಾಣುತ್ತದೆ, ಹಕ್ಕಿ ದೊಡ್ಡದು, ಬಣ್ಣ ಎದ್ದು ತೋರುತ್ತದೆ. ಗೂಡುಗಳನ್ನು ಎಣಿಸಿದರೆ ಜೋಡಿಗಳ ಲೆಕ್ಕ ಸಿಕ್ಕಂತೆಯೇ. ಮಳೆಕಾಡಿನ ಹಕ್ಕಿಗಳಲ್ಲಿ ಹೆಚ್ಚಿನವು ಹೀಗೆ ಗುಂಪು ಕಟ್ಟುವುದಿಲ್ಲ. ಒಂದೊಂದು ಜೋಡಿ ತನ್ನ ಪಾಲಿನ ಕಾಡಿನಲ್ಲಿ ಚದುರಿರುತ್ತದೆ, ಎಲೆಗಳ ಹಲವು ಅಂತಸ್ತುಗಳ ನಡುವೆ ಮರೆಯಾಗಿರುತ್ತದೆ. ಅಲ್ಲಿ ಹಕ್ಕಿಯನ್ನು ಗುರುತಿಸುವುದು ಬಹುಪಾಲು ಕಿವಿಯಿಂದ, ಹಕ್ಕಿಯಾದರೂ ಎಲ್ಲ ಹೊತ್ತಿನಲ್ಲಿಯೂ ದನಿ ಮಾಡುವುದಿಲ್ಲ. ಆದ್ದರಿಂದ ಮಳೆಕಾಡಿನಲ್ಲಿ ಎಣಿಸಿದ ಸಂಖ್ಯೆಯೇ ಇರುವ ಸಂಖ್ಯೆ ಎಂದು ಎಂದಿಗೂ ಭಾವಿಸಬಾರದು. ಎಣಿಕೆಗೆ ಸಿಗದೆ ಹೋದ ಪಾಲು ಎಷ್ಟು ಎಂಬುದನ್ನು ಕಂಡುಕೊಳ್ಳುವುದರಲ್ಲಿಯೇ ಈ ವಿದ್ಯೆಯ ಮುಕ್ಕಾಲು ಭಾಗ ಇದೆ.

ಪ್ರಶ್ನೆ: ಹಾಗಾದರೆ ಕಾಣದ ಹಕ್ಕಿಗೆ ಲೆಕ್ಕ ಹಾಕುವುದು ಹೇಗೆ? ಇದು ಊಹೆಯಲ್ಲವೇ?
(ಅಡಿಕೆ ಬೆಳೆಗಾರರು, ಸಾಗರ)

ಉತ್ತರ: ಅಡಿಕೆ ಬೆಳೆಗಾರರಾದ ತಮಗೆ ಇದನ್ನು ವಿವರಿಸುವುದು ಸುಲಭ. ಚೇಣಿ (ಫಸಲಿನ ಗುತ್ತಿಗೆ) ಹಿಡಿಯಲು ಬಂದವರು ತೋಟದ ಪ್ರತಿ ಮರದ ಪ್ರತಿ ಕೊನೆಯನ್ನೂ ಎಣಿಸುವುದಿಲ್ಲ. ಅಲ್ಲೊಂದು ಇಲ್ಲೊಂದು ಸಾಲು ನೋಡಿ, ಸೋಗೆಯ ಮರೆಯಲ್ಲಿ ಉಳಿದದ್ದಕ್ಕೂ ಒಂದಿಷ್ಟು ಸೇರಿಸಿ, ಇಡೀ ತೋಟದ ಫಸಲಿಗೆ ಒಂದು ಅಂದಾಜು ಕಟ್ಟುತ್ತಾರೆ. ಹಕ್ಕಿಗಳ ಅಂದಾಜಿನಲ್ಲಿಯೂ ಇರುವುದು ಈ ಎರಡೇ ಕೆಲಸ. ಆದರೆ ಮರೆಯಲ್ಲಿ ಉಳಿದದ್ದನ್ನು ಇಲ್ಲಿ ಕಣ್ಣಳತೆಗೆ ಬಿಡುವುದಿಲ್ಲ, ಅದನ್ನೂ ಅಳತೆಯಿಂದಲೇ ಪಡೆಯುತ್ತಾರೆ.

ಹೆಚ್ಚು ಬಳಕೆಯಲ್ಲಿರುವುದು ಬಿಂದು ಎಣಿಕೆ. ಕಾಡಿನ ನಕ್ಷೆಯ ಮೇಲೆ ಇನ್ನೂರು ಇನ್ನೂರೈವತ್ತು ಮೀಟರ್ ಅಂತರದಲ್ಲಿ ಬಿಂದುಗಳನ್ನು ಮೊದಲೇ ಗುರುತಿಸಿಕೊಳ್ಳಬೇಕು. ಹಕ್ಕಿ ಚೆನ್ನಾಗಿ ಸಿಗುವ ಜಾಗವೆಂದು ಹಣ್ಣು ಬಿಟ್ಟ ಬಸರಿ ಮರದ ಬುಡವನ್ನೇ ಆರಿಸಿಕೊಂಡರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಬೆಳಕು ಹರಿಯುವ ಹೊತ್ತಿಗೆ ಮೊದಲ ಬಿಂದುವನ್ನು ತಲುಪಿ, ತಾವು ನಡೆದು ಬಂದ ಸದ್ದಿಗೆ ಬೆದರಿದ ಹಕ್ಕಿಗಳು ಸಮಾಧಾನಗೊಳ್ಳಲು ಒಂದೆರಡು ನಿಮಿಷ ಬಿಟ್ಟು, ನಂತರ ಗಡಿಯಾರ ನೋಡಿ ಹತ್ತು ನಿಮಿಷ ನಿಂತಲ್ಲೇ ನಿಂತು, ಕಂಡ ಮತ್ತು ಕೇಳಿದ ಪ್ರತಿ ಹಕ್ಕಿಯನ್ನೂ ಅದರ ದೂರದೊಂದಿಗೆ ಬರೆಯಬೇಕು. ಎದುರಿನ ಪೊದೆಯಲ್ಲಿ ಪಿಕಳಾರ, 15 ಮೀಟರ್. ಎಡಕ್ಕೆ, ಹಗ್ಗದಂಥ ಬಳ್ಳಿಯ ಮೇಲೆ ಕಂದು ಬೆನ್ನು ತೋರಿಸಿ ಅಲುಗದೆ ಕುಳಿತ ಕಾಕರಣೆ, 22 ಮೀಟರ್. ಇಂಥ ಹಕ್ಕಿಯ ಮೇಲೆ ಕಣ್ಣು ಹಲವು ಬಾರಿ ಹಾದು ಹೋದರೂ ಅದು ಕಾಣದೆ ಉಳಿಯಬಹುದು, ಕೆಂಪು ಹೊಟ್ಟೆಯನ್ನು ನಮ್ಮ ಕಡೆಗೆ ತಿರುಗಿಸಿದಾಗ ಮಾತ್ರ ಹೊಳೆಯುತ್ತದೆ. ಕುಟುರದ ಕೂಗಾದರೋ ಕಣಿವೆಯಾಚೆಯಿಂದಲೂ ಬರುತ್ತದೆ, ಅದು ಎಷ್ಟು ದೂರ ಎಂದು ಹೇಳುವುದೇ ಕಷ್ಟ. ದೂರವನ್ನು ಹಕ್ಕಿ ಕುಳಿತ ಅಥವಾ ಕೂಗಿದ ಮರದ ಕಾಂಡಕ್ಕೆ ಲೇಸರ್ ದೂರಮಾಪಕ ಹಿಡಿದು ಅಳೆಯುತ್ತಾರೆ.

ದೂರ ಏಕೆ ಬೇಕು ಎಂಬುದು ಮುಖ್ಯ. ನಿಂತ ಜಾಗದ ಸುತ್ತ ಹತ್ತು ಹತ್ತು ಮೀಟರ್‌ಗೆ ಒಂದರಂತೆ 50 ಮೀಟರ್‌ವರೆಗೆ ಬಳೆಗಳನ್ನು ಎಳೆದಂತೆ ಊಹಿಸಿಕೊಳ್ಳಿ. ಕೊನೆಯ ಬಳೆಯ ವಿಸ್ತೀರ್ಣ ಒಳಗಿನ ವೃತ್ತದ 9 ಪಟ್ಟು. ಹಕ್ಕಿಗಳು ಕಾಡಿನಲ್ಲಿ ಒಂದೇ ಸಮ ಹರಡಿದ್ದು, ಒಂದೂ ತಪ್ಪದೆ ಸಿಕ್ಕಿದ್ದರೆ, ಒಳಗಿನ ವೃತ್ತದಲ್ಲಿ 4 ಸಿಕ್ಕಾಗ ಹೊರ ಬಳೆಯಲ್ಲಿ 36 ಸಿಗಬೇಕಿತ್ತು. ಅಲ್ಲಿ 12 ಮಾತ್ರ ದಾಖಲಾಗಿದ್ದರೆ ಮೂರರಲ್ಲಿ ಎರಡು ಪಾಲು ನಮ್ಮ ಗಮನಕ್ಕೆ ಬಾರದೆ ಉಳಿದಿದೆ ಎಂದರ್ಥ. ಹೀಗೆ ಐದೂ ಬಳೆಗಳನ್ನು ಹೋಲಿಸಿದಾಗ, ದೂರ ಹೆಚ್ಚಿದಂತೆ ಪತ್ತೆಯ ಪ್ರಮಾಣ ಹೇಗೆ ಇಳಿಯುತ್ತದೆ ಎಂಬ ಒಂದು ಇಳಿಜಾರು ಗೆರೆ ಸಿಗುತ್ತದೆ. ಉದಾಹರಣೆಗಾಗಿ ಹೇಳುವುದಾದರೆ, 60 ಬಿಂದುಗಳಲ್ಲಿ ಒಂದು ಜಾತಿಯ 60 ಹಕ್ಕಿಗಳು ದಾಖಲಾಗಿದ್ದು, ಪತ್ತೆಯ ಪ್ರಮಾಣ ನೂರಕ್ಕೆ 60 ಎಂದು ಗೆರೆ ತೋರಿಸಿದರೆ, ಅಲ್ಲಿ ನಿಜವಾಗಿ ಇದ್ದದ್ದು ಸುಮಾರು 100. 50 ಮೀಟರ್ ತ್ರಿಜ್ಯದ 60 ವೃತ್ತಗಳ ಒಟ್ಟು ವಿಸ್ತೀರ್ಣ ಸುಮಾರು 47 ಹೆಕ್ಟೇರ್ ಆಗುವುದರಿಂದ, ಸಾಂದ್ರತೆ ಹೆಕ್ಟೇರಿಗೆ 1.3 ಅಲ್ಲ, 2.1. ಈ ಲೆಕ್ಕದ ಹಿಂದೆ ಊಹೆ ಇಲ್ಲವೆಂದಲ್ಲ. ಕಾಲಬುಡದ ಹಕ್ಕಿ ತಪ್ಪಿಹೋಗದು, ನಮ್ಮನ್ನು ಕಂಡು ಹಕ್ಕಿ ಮೊದಲೇ ದೂರ ಸರಿದಿಲ್ಲ, ದೂರದ ಅಳತೆ ಸರಿಯಾಗಿದೆ ಎಂಬ ಷರತ್ತುಗಳ ಮೇಲೆ ಅದು ನಿಂತಿದೆ. ಆದರೆ ಊಹೆಯ ಮಾತು ಹೀಗೆ ಬಿಡಿಸಿ ಹೇಳಿದ ಷರತ್ತಾದಾಗ ಅದನ್ನು ಮತ್ತೊಬ್ಬರು ಪರೀಕ್ಷಿಸಬಹುದು.

ಬಿಂದುವಿನ ಬದಲು ಸೀಳುದಾರಿಯಲ್ಲಿ ನಡೆಯುತ್ತ ಎಣಿಸುವ ಕ್ರಮವೂ ಇದೆ. ಸಮತಟ್ಟಾದ ಕಾಡಿಗೆ ಅದು ಒಳ್ಳೆಯದು. ಘಟ್ಟದ ಇಳಿಜಾರಿನಲ್ಲಿ, ಜಾರುವ ಕಲ್ಲು ಮತ್ತು ಉಂಬಳಗಳ ನಡುವೆ, ನಡೆಯುವವರ ಗಮನವೆಲ್ಲ ಕಾಲಿನ ಮೇಲೆಯೇ ಇರುತ್ತದೆ.

ಎಲ್ಲ ಹಕ್ಕಿಗೂ ಒಂದೇ ಅಳತೆಗೋಲು ಹೊಂದುವುದಿಲ್ಲ ಎಂಬುದನ್ನೂ ಸೇರಿಸಬೇಕು. ಹಣ್ಣು ಹುಡುಕುತ್ತ ಮೈಲುಗಟ್ಟಲೆ ಹಾರುವ ದೊಡ್ಡ ಮಂಗಟ್ಟೆಗೆ 50 ಮೀಟರ್ ವೃತ್ತ ಏನೂ ಅಲ್ಲ. ಅದನ್ನು ಸಂಜೆ ತಂಗುವ ಮರಗಳ ಬಳಿ, ಅಥವಾ ಹೆಣ್ಣು ಒಳಗೆ ಕುಳಿತು ಬಾಯಿ ಮುಚ್ಚಿಕೊಂಡ ಗೂಡಿನ ಪೊಟರೆಗಳ ಬಳಿ ಎಣಿಸಬೇಕು. ಕಪ್ಪೆಬಾಯಿಯಂಥ ಇರುಳುಹಕ್ಕಿಗೆ ಮುಸ್ಸಂಜೆಯ ಎಣಿಕೆಯೇ ಬೇರೆ. ಇನ್ನು ಭೀಮರಾಜ ಉಳಿದ ಹಕ್ಕಿಗಳ ದನಿಯನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತದೆ ಎಂದರೆ, ಹೊಸಬರ ಪಟ್ಟಿಯಲ್ಲಿ ಇಲ್ಲದ ಹಕ್ಕಿಗಳೂ ಸೇರಿಬಿಡುತ್ತವೆ.

ಪ್ರಶ್ನೆ: ಈಗ ಮೊಬೈಲ್ ಆ್ಯಪ್‌ಗಳೇ ಹಕ್ಕಿಯ ದನಿ ಕೇಳಿ ಹೆಸರು ಹೇಳುತ್ತವೆ. ಕಾಡಿನ ತುಂಬ ಧ್ವನಿ ದಾಖಲಿಸುವ ಯಂತ್ರಗಳನ್ನು ಕಟ್ಟಿಬಿಟ್ಟರೆ ಮನುಷ್ಯರು ಎಣಿಸುವ ಅಗತ್ಯವೇನು?
(ಎಂಜಿನಿಯರಿಂಗ್ ವಿದ್ಯಾರ್ಥಿ, ಭದ್ರಾವತಿ)

ಉತ್ತರ: ಯಂತ್ರಗಳಿಂದ ನಿಜಕ್ಕೂ ದೊಡ್ಡ ಉಪಕಾರವಾಗಿದೆ. ಮರಕ್ಕೆ ಕಟ್ಟಿದ ಪುಟ್ಟ ಧ್ವನಿಮುದ್ರಕ ದಿನವಿಡೀ, ವಾರಗಟ್ಟಲೆ ಕೇಳಿಸಿಕೊಳ್ಳಬಲ್ಲದು, ಅದಕ್ಕೆ ನಿದ್ದೆಯಿಲ್ಲ, ಅದು ಹಕ್ಕಿಯನ್ನು ಬೆದರಿಸುವುದೂ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯದಿಂದ ಬಂದ ಮರ್ಲಿನ್, ಬರ್ಡ್‌ನೆಟ್ ಮುಂತಾದ ತಂತ್ರಾಂಶಗಳು ಸಾವಿರಾರು ಗಂಟೆಗಳ ಧ್ವನಿಯನ್ನು ಜಾಲಾಡಿ ಹೆಸರು ಸೂಚಿಸುತ್ತವೆ. ಆದರೆ ಯಂತ್ರ ಎಣಿಸುವುದು ಕೂಗುಗಳನ್ನು, ಹಕ್ಕಿಗಳನ್ನಲ್ಲ. ಒಂದೇ ಕುಟುರ ನೂರು ಬಾರಿ ಕೂಗಿತೋ ಹತ್ತು ಕುಟುರಗಳು ಹತ್ತು ಹತ್ತು ಬಾರಿ ಕೂಗಿದವೋ ಎಂಬುದು ಒಂದೇ ಮುದ್ರಕದ ಧ್ವನಿಯಿಂದ ತಿಳಿಯದು. ಜೀರುಂಡೆಗಳ ಕೂಗು ಏರಿದ ಹೊತ್ತಿನಲ್ಲಿ, ಎಲೆಯ ಮೇಲೆ ಮಳೆ ಸುರಿಯುವಾಗ, ಯಂತ್ರಕ್ಕೂ ನಮ್ಮಷ್ಟೇ ಕಿವುಡು. ಭೀಮರಾಜನ ತಂಟೆ ಅಲ್ಲಿಯೂ ತಪ್ಪಿದ್ದಲ್ಲ.

ಯಂತ್ರ ಚೆನ್ನಾಗಿ ಉತ್ತರಿಸುವ ಪ್ರಶ್ನೆ ಬೇರೊಂದು: ಈ ಜಾಗದಲ್ಲಿ ಈ ಹಕ್ಕಿ ಇದೆಯೇ, ಇಲ್ಲವೇ? ಒಂದು ಬಾರಿ ಹೋದಾಗ ಇರುವ ಹಕ್ಕಿ ಸಿಗುವ ಸಾಧ್ಯತೆ ಅರ್ಧದಷ್ಟಿದ್ದರೆ, ನಾಲ್ಕು ಬಾರಿ ಹೋದಾಗಲೂ ಅದು ತಪ್ಪಿಹೋಗುವ ಸಾಧ್ಯತೆ ಹದಿನಾರರಲ್ಲಿ ಒಂದು ಮಾತ್ರ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರಿಂದ, ಅಥವಾ ಯಂತ್ರವನ್ನು ಹಲವು ದಿನ ಬಿಡುವುದರಿಂದ, ‘ಸಿಗಲಿಲ್ಲ’ ಎಂಬುದನ್ನು ‘ಇಲ್ಲ’ ಎಂಬುದರಿಂದ ಬೇರ್ಪಡಿಸಬಹುದು. ಬೆಟ್ಟದ ಯಾವ ಎತ್ತರದವರೆಗೆ ಒಂದು ಹಕ್ಕಿ ಹರಡಿದೆ ಎಂದು ತಿಳಿಯಲು ಇದು ಬಹಳ ಉಪಯುಕ್ತ. ಎಷ್ಟಿವೆ ಎಂದು ತಿಳಿಯಲು ಇನ್ನೂ ಮನುಷ್ಯರ ಕಣ್ಣು ಕಿವಿಗಳೇ ಬೇಕು.

ಪ್ರಶ್ನೆ: ಬಿಸಿ ಹೆಚ್ಚಾದರೆ ಹಕ್ಕಿಗಳು ಬೆಟ್ಟದ ಮೇಲಕ್ಕೆ ಹೋಗುತ್ತವೆ ಎಂದು ಓದಿದ್ದೇನೆ. ರೆಕ್ಕೆಯಿರುವ ಪ್ರಾಣಿಗೆ ಅದೇನು ಕಷ್ಟ? ನಮ್ಮಲ್ಲಿ ಬೆಟ್ಟಗಳಿಗೆ ಕೊರತೆಯೇ?
(ಪ್ರೌಢಶಾಲಾ ಶಿಕ್ಷಕರು, ತೀರ್ಥಹಳ್ಳಿ)

ಉತ್ತರ: ಮಾಸ್ತರರ ಪ್ರಶ್ನೆಯಲ್ಲಿ ನ್ಯಾಯವಿದೆ. ಕಷ್ಟ ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ನೂರು ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 2011ರಿಂದ 2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣಾಂಶ 19ನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಹೆಚ್ಚಾಗಿತ್ತು. ಅಂದರೆ ಹಳೆಯ ತಂಪನ್ನೇ ಹುಡುಕುವ ಹಕ್ಕಿ ಇನ್ನೂರು ಮೀಟರ್‌ಗೆ ಹತ್ತಿರ ಮೇಲೇರಬೇಕು. ಉತ್ತರಕ್ಕೆ ಹಾರಿ ತಂಪನ್ನು ಹುಡುಕುವುದು ಉಷ್ಣವಲಯದಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಇಲ್ಲಿ ನೂರಾರು ಕಿಲೋಮೀಟರ್ ಉತ್ತರಕ್ಕೆ ಹೋದರೂ ಸೆಖೆ ಹೆಚ್ಚು ಬದಲಾಗುವುದಿಲ್ಲ. ಉಳಿಯುವ ದಾರಿ ಮೇಲಿನದೊಂದೇ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಕೊಡಚಾದ್ರಿಯ ಶಿಖರ 1,343 ಮೀಟರ್. ಕುದುರೆಮುಖ 1,900 ಮೀಟರ್‌ಗೆ ಸ್ವಲ್ಪ ಕಡಿಮೆ, ಮುಳ್ಳಯ್ಯನಗಿರಿ ಅದಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಗೆ ಬೆಟ್ಟ ಮುಗಿಯಿತು. ಅಷ್ಟೇ ಅಲ್ಲ, ನಮ್ಮ ಎತ್ತರದ ಬೆಟ್ಟಗಳ ನೆತ್ತಿಯಲ್ಲಿ ಬಹುಭಾಗ ಹುಲ್ಲುಗಾವಲು, ಕಾಡು ಇರುವುದು ಮಡಿಕೆಗಳಲ್ಲಿ ಅಡಗಿದ ಶೋಲಗಳಲ್ಲಿ ಮಾತ್ರ. ಮಳೆಕಾಡಿನ ನೆರಳಿಗೆ ಹೊಂದಿಕೊಂಡ ಹಕ್ಕಿಗೆ ಹುಲ್ಲುಗಾವಲು ಮನೆಯಲ್ಲ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಲು ನಡುವಿನ ಬಿಸಿಯಾದ ಕಣಿವೆಯನ್ನು, ಗದ್ದೆ ತೋಟಗಳನ್ನು ದಾಟಬೇಕು. ರೆಕ್ಕೆಯಿದ್ದರೂ ದಟ್ಟ ಕಾಡಿನ ಒಳಗಿನ ಸಣ್ಣ ಹಕ್ಕಿಗಳಲ್ಲಿ ಹಲವು ಬಯಲನ್ನು ದಾಟಲು ಹಿಂಜರಿಯುತ್ತವೆ. ಶೋಲದ ಹಕ್ಕಿಗಳಲ್ಲಿ ಬೇರೆ ಬೇರೆ ಬೆಟ್ಟಸಾಲಿನವು ಬಹಳ ಕಾಲ ಬೇರೆಯಾಗಿಯೇ ಉಳಿದು ಬೇರೆ ಬೇರೆ ಜಾತಿಗಳಾದದ್ದೂ ಇದೇ ಕಾರಣಕ್ಕೆ.

ಈಗ ಸಂಖ್ಯೆಯ ವಿಷಯ. ಒಂದು ಹಕ್ಕಿ ಹರಡಿರುವ ಪ್ರದೇಶದ ನಕ್ಷೆ ಕುಗ್ಗಿದಷ್ಟೇ ಪ್ರಮಾಣದಲ್ಲಿ ಹಕ್ಕಿಯ ಸಂಖ್ಯೆಯೂ ಕುಗ್ಗುತ್ತದೆ ಎಂದು ಸಾಮಾನ್ಯವಾಗಿ ಎಣಿಸುತ್ತೇವೆ. ಅದು ತಪ್ಪು ಎಣಿಕೆ. ಕಾಲ್ಪನಿಕವಾದ ಒಂದು ಬೆಟ್ಟವನ್ನೇ ತೆಗೆದುಕೊಳ್ಳೋಣ. 600ರಿಂದ 800 ಮೀಟರ್ ನಡುವೆ 4,000 ಹೆಕ್ಟೇರ್ ಕಾಡು, ಅದರ ಮೇಲಿನ ಪಟ್ಟಿಯಲ್ಲಿ 2,000, ಅದರ ಮೇಲೆ 800, ತುದಿಯ 1,200ರಿಂದ 1,400 ಮೀಟರ್ ಪಟ್ಟಿಯಲ್ಲಿ 200 ಹೆಕ್ಟೇರ್ ಇದೆ ಎನ್ನಿ. ಬೆಟ್ಟ ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ ಹೀಗಿರುವುದು ಸಹಜ. ನಮ್ಮ ಹಕ್ಕಿ ಕೆಳಗಿನ ಪಟ್ಟಿಯಲ್ಲಿ ವಿರಳ, ಹೆಕ್ಟೇರಿಗೆ 0.1. ಎರಡನೆಯದರಲ್ಲಿ 0.5, ಮೂರನೆಯದರಲ್ಲಿ 1, ತುದಿಯಲ್ಲಿ 0.6. ಗುಣಿಸಿ ಕೂಡಿದರೆ 400, 1,000, 800, 120, ಒಟ್ಟು 2,320 ಹಕ್ಕಿಗಳು. ಉಷ್ಣಾಂಶ 1.2 ಡಿಗ್ರಿ ಏರಿ, ಈ ಸಾಂದ್ರತೆಗಳೆಲ್ಲ ಒಂದೊಂದು ಪಟ್ಟಿ ಮೇಲಕ್ಕೆ ಸರಿದವು ಎಂದುಕೊಳ್ಳಿ. ಕೆಳಗಿನ ಪಟ್ಟಿ ಖಾಲಿ, ನಂತರ 200, 400, 200, ಒಟ್ಟು 800. ಹಕ್ಕಿ ವಾಸಿಸುವ ಪ್ರದೇಶ 7,000 ಹೆಕ್ಟೇರಿನಿಂದ 3,000ಕ್ಕೆ ಇಳಿದು ನೂರಕ್ಕೆ 57ರಷ್ಟು ಕುಗ್ಗಿದೆ, ಆದರೆ ಹಕ್ಕಿಗಳು ನೂರಕ್ಕೆ 65ಕ್ಕಿಂತ ಹೆಚ್ಚು ಕಡಿಮೆಯಾಗಿವೆ. ನಕ್ಷೆಯನ್ನು ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಕುದುರೆಮುಖದ ನಕ್ಷೆಯಲ್ಲಿ ‘ಈ ಹಕ್ಕಿ ಇಲ್ಲಿದೆ’ ಎಂಬ ಬಣ್ಣ ಮುಂದೆಯೂ ಉಳಿದಿರಬಹುದು, ಆದರೆ ಬಣ್ಣದ ಒಳಗೆ ಹಕ್ಕಿ ಎಷ್ಟು ಎಂಬುದನ್ನು ನಕ್ಷೆ ಹೇಳದು. ಪ್ರತಿ ಎತ್ತರದಲ್ಲಿಯೂ ಸಾಂದ್ರತೆಯನ್ನು ಅಳೆದಿದ್ದರೆ ಮಾತ್ರ ಈ ಲೆಕ್ಕ ಸಾಧ್ಯ.

ಈ ಬಗೆಯ ಅಳತೆ ಅತಿ ಕ್ರಮಬದ್ಧವಾಗಿ ನಡೆದಿರುವ ಕಡೆಗಳಲ್ಲಿ ಒಂದು ಆಸ್ಟ್ರೇಲಿಯಾದ ಈಶಾನ್ಯ ಮೂಲೆಯ ಕ್ವೀನ್ಸ್‌ಲ್ಯಾಂಡ್ ಮಳೆಕಾಡು. ನಮ್ಮ ಪಶ್ಚಿಮ ಘಟ್ಟಗಳಿಗೆ 2012ರಲ್ಲಿ ಸಿಕ್ಕ ವಿಶ್ವ ಪರಂಪರೆಯ ಮಾನ್ಯತೆ ಅದಕ್ಕೆ 1988ರಲ್ಲಿಯೇ ಸಿಕ್ಕಿತ್ತು. ಅಲ್ಲಿ 2000ದಿಂದ 2016ರವರೆಗೆ, ಸಮುದ್ರಮಟ್ಟದಿಂದ 1,500 ಮೀಟರ್‌ವರೆಗಿನ 114 ತಾಣಗಳಲ್ಲಿ, ಒಂದೇ ವಿಧಾನದಲ್ಲಿ 1,977 ಸಮೀಕ್ಷೆಗಳು ನಡೆದವು. ಅವುಗಳ ಆಧಾರದ ಮೇಲೆ 42 ಜಾತಿಗಳ ಏರಿಳಿತವನ್ನು ಪರಿಶೀಲಿಸಿದಾಗ, ನಡುಎತ್ತರದ ಮತ್ತು ಮೇಲೆತ್ತರದ ಹೆಚ್ಚಿನ ಜಾತಿಗಳು ತಮ್ಮ ವಾಸದ ಕೆಳಅಂಚಿನಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. ತಗ್ಗಿನ ಹಕ್ಕಿಗಳು ಮೇಲಿನ ಕಾಡಿಗೆ ಏರಿ ಅಲ್ಲಿ ಹೆಚ್ಚಾಗಿದ್ದವು. ಎತ್ತರಕ್ಕೇ ಸೀಮಿತವಾದ ಹಕ್ಕಿಗಳು ಮತ್ತು ಬೇರೆಲ್ಲೂ ಇಲ್ಲದ ಸ್ಥಳೀಯ ಹಕ್ಕಿಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಕಾಡು ಕಡಿದ ಪ್ರದೇಶವಲ್ಲ ಅದು, ರಕ್ಷಿತ ಅರಣ್ಯ. ದಕ್ಷಿಣ ಅಮೆರಿಕದ ಪೆರು ದೇಶದ ಒಂದು ಬೆಟ್ಟದ ಮೇಲೆ 1985ರಲ್ಲಿ ಮಾಡಿದ ಸಮೀಕ್ಷೆಯನ್ನು 2017ರಲ್ಲಿ ಪುನಃ ಮಾಡಿದಾಗ, ನೆತ್ತಿಯ ಮೇಲೆ ಹಿಂದೆ ಸಾಮಾನ್ಯವಾಗಿದ್ದ ಕೆಲವು ಹಕ್ಕಿಗಳು ಸಿಗಲೇ ಇಲ್ಲ.

ಈ ಅಂಕಿಗಳನ್ನು ಮಲೆನಾಡಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ. ನಮ್ಮಲ್ಲಿ ಹಕ್ಕಿಯ ಬದುಕನ್ನು ಸೆಖೆಗಿಂತ ಮಳೆಯೇ ಹೆಚ್ಚು ಆಳುತ್ತದೆ ಎಂದು ನನಗೆ ತೋರುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಿಂದ ಪೂರ್ವಕ್ಕೆ ಶಿವಮೊಗ್ಗದ ಕಡೆಗೆ ಹೊರಟರೆ, ಕೆಲವೇ ಹತ್ತು ಕಿಲೋಮೀಟರ್‌ಗಳಲ್ಲಿ ಮಳೆ ಹಲವು ಪಟ್ಟು ಇಳಿಯುತ್ತದೆ, ಅದರೊಂದಿಗೆ ಹಕ್ಕಿಗಳೂ ಬದಲಾಗುತ್ತವೆ. ಆದ್ದರಿಂದ ಇಲ್ಲಿ ಬಿಂದುಗಳನ್ನು ಬೆಟ್ಟದ ಬುಡದಿಂದ ತುದಿಗೆ ಇಟ್ಟರೆ ಸಾಲದು, ಘಟ್ಟದ ಅಂಚಿನಿಂದ ಪೂರ್ವದ ಒಣಕಾಡಿನವರೆಗೂ ಇಡಬೇಕು.

ಪ್ರಶ್ನೆ: ನಮ್ಮ ಮನೆಯ ಹಿಂದಿನ ಹಳ್ಳದಲ್ಲಿ ಮೊದಲ ಮಳೆ ಬಿದ್ದೊಡನೆ ಬೆಳಗಿನ ಜಾವ ಸಿಳ್ಳಾರದ ಹಾಡು ಕೇಳುತ್ತಿತ್ತು. ಕೆಲವು ವರ್ಷಗಳಿಂದ ಬಹಳ ಕಡಿಮೆ. ಇದು ಹವಾಮಾನ ಬದಲಾವಣೆಯೇ?
(ಹಿರಿಯ ಓದುಗರು, ಹೊಸನಗರ)

ಉತ್ತರ: ಇರಬಹುದು. ಆದರೆ ಒಂದು ಹಳ್ಳದ ಮಾತಿನಿಂದ ಅದನ್ನು ಹೇಳಲಾಗದು. ಸಿಳ್ಳಾರ ಹರಿಯುವ ನೀರಿನ ಬದಿಯ ಹಕ್ಕಿ. ಹಳ್ಳದ ದಂಡೆಯ ಮರ ಹೋಗಿದ್ದರೆ, ಬೇಸಿಗೆಯಲ್ಲಿ ಮೋಟಾರು ಇಟ್ಟು ನೀರನ್ನು ತೋಟಕ್ಕೆ ಎತ್ತುತ್ತಿದ್ದರೆ, ಮೇಲಿನ ಸೊಪ್ಪಿನಬೆಟ್ಟ ಅಕೇಶಿಯಾ ನೆಡುತೋಪಾಗಿದ್ದರೆ, ಒಂದು ಜೋಡಿ ಬೇರೆಡೆಗೆ ಹೋಗಲು ಅಷ್ಟು ಸಾಕು. ತಮ್ಮ ಹಳ್ಳದಲ್ಲಿ ಇದ್ದದ್ದು ಬಹುಶಃ ಆ ಒಂದೇ ಜೋಡಿ.

ಇನ್ನೊಂದು ಸಾಧ್ಯತೆ, ಹಕ್ಕಿ ಅಲ್ಲಿಯೇ ಇದ್ದು ಹಾಡುವ ಕಾಲ ಮಾತ್ರ ಸರಿದಿರುವುದು. ತಜ್ಞರನ್ನೂ ಕಾಡುವ ತೊಡಕು ಇದು. ಮುಂಗಾರಿನ ಆರಂಭ, ಬೇಸಿಗೆ ಮಳೆಯ ಹದ ಬದಲಾದಂತೆ ಹಕ್ಕಿಗಳು ಗೂಡು ಕಟ್ಟುವ ಮತ್ತು ಹಾಡುವ ಸಮಯವೂ ಹಿಂದುಮುಂದಾಗುತ್ತದೆ. ಪ್ರತಿ ವರ್ಷ ಏಪ್ರಿಲ್ ಎರಡನೆಯ ವಾರದಲ್ಲಿಯೇ ಎಣಿಸುವ ತಂಡಕ್ಕೆ, ಹಾಡಿನ ಕಾಲ ಮೂರು ವಾರ ಮುಂದಕ್ಕೆ ಹೋದ ವರ್ಷ ಹಕ್ಕಿಗಳೇ ಕಡಿಮೆಯಾದಂತೆ ತೋರುತ್ತದೆ. ಹಕ್ಕಿ ಕಡಿಮೆಯಾಗಿಲ್ಲ, ಸಿಗುವ ಪ್ರಮಾಣ ಕಡಿಮೆಯಾಗಿದೆ. ಹವಾಮಾನ ಬದಲಾವಣೆಯ ಪರಿಣಾಮವನ್ನು ಅಳೆಯುವ ಕೋಲನ್ನು ಹವಾಮಾನ ಬದಲಾವಣೆಯೇ ಬಾಗಿಸುವ ಈ ಪರಿಸ್ಥಿತಿಗೆ ಪರಿಹಾರವೆಂದರೆ, ಋತುವಿನ ಉದ್ದಕ್ಕೂ ಹಲವು ಬಾರಿ ಎಣಿಸಿ ಪತ್ತೆಯ ಪ್ರಮಾಣವನ್ನು ಆಯಾ ವರ್ಷಕ್ಕೆ ಪ್ರತ್ಯೇಕವಾಗಿ ಕಂಡುಕೊಳ್ಳುವುದು. ಪಕ್ಷಿ ಗಣತಿಯಲ್ಲಿ ತೊಡಗಿದ ಹಿರಿಯರು ಒಪ್ಪಿಕೊಳ್ಳುವ ಇನ್ನೊಂದು ಸಂಗತಿಯೂ ಇದೆ: ವಯಸ್ಸಾದಂತೆ ಮೊದಲು ಕೇಳಿಸದಾಗುವುದು ತಾರಕ ಸ್ವರ, ಆಗ ಕೀರಲು ದನಿಯ ಸಣ್ಣ ಹಕ್ಕಿಗಳು ಪಟ್ಟಿಯಿಂದ ಮಾಯವಾಗುತ್ತವೆ. ಸಿಳ್ಳಾರದ ಸಿಳ್ಳು ಅಷ್ಟು ತಾರಕದ್ದಲ್ಲವಾದ್ದರಿಂದ ತಮ್ಮ ಕಿವಿಯನ್ನು ದೂರುವ ಕಾರಣವಿಲ್ಲ.

ಪ್ರಶ್ನೆ: ಇಷ್ಟೆಲ್ಲ ಕಷ್ಟಪಟ್ಟು ಸಂಖ್ಯೆ ತಿಳಿದು ಆಗುವುದೇನು? ಕಾಡು ಉಳಿಸಿದರೆ ಸಾಲದೇ?
(ಕಾಫಿ ಬೆಳೆಗಾರರು, ಕೊಪ್ಪ)

ಉತ್ತರ: ಕಾಡು ಉಳಿಸುವುದು ಬೇಕೇ ಬೇಕು. ಆದರೆ ಯಾವ ಕಾಡನ್ನು ಮೊದಲು ಎಂಬ ಪ್ರಶ್ನೆ ಬಂದಾಗ ಸಂಖ್ಯೆ ಮಾತನಾಡುತ್ತದೆ. ಮೇಲಿನ ಉದಾಹರಣೆಯನ್ನೇ ನೋಡಿ. ಇಂದು ಅತಿ ಹೆಚ್ಚು ಹಕ್ಕಿಗಳಿರುವುದು ಎರಡನೆಯ ಪಟ್ಟಿಯಲ್ಲಿ, ಬಿಸಿ ಏರಿದ ಮೇಲೆ ಉಳಿದವುಗಳಲ್ಲಿ ಅರ್ಧದಷ್ಟು ಮೂರನೆಯ ಪಟ್ಟಿಯಲ್ಲಿರುತ್ತವೆ. ಹಾಗಾದರೆ ಇಂದಿನ ನೆಲೆಯನ್ನು ಮಾತ್ರ ಕಾದು, ಅವು ನಾಳೆ ಸೇರಬೇಕಾದ ಮೇಲಿನ ಕಾಡನ್ನು ಮತ್ತು ನಡುವಿನ ದಾರಿಯನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ತಮ್ಮ ತೋಟದ ನೆರಳುಮರಗಳು ಈ ನಡುದಾರಿಯ ಭಾಗವೇ ಆಗಿರಬಹುದು. ಸಿಲ್ವರ್ ಓಕ್ ಒಂದನ್ನೇ ಬೆಳೆಸಿದ ತೋಟಕ್ಕಿಂತ ಅತ್ತಿ, ಬಸರಿ, ಹಲಸು ಉಳಿಸಿಕೊಂಡ ತೋಟದಲ್ಲಿ ಹಣ್ಣುತಿನ್ನುವ ಕಾಡುಹಕ್ಕಿಗಳಿಗೆ ಮೇವಿದೆ.

ಇನ್ನು ಅಳಿವಿನ ಅಂಚಿನ ಪಟ್ಟಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಾನದಂಡದಂತೆ, ಹತ್ತು ವರ್ಷ ಅಥವಾ ಮೂರು ತಲೆಮಾರುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಅವಧಿಯಲ್ಲಿ ಒಂದು ಜಾತಿ ನೂರಕ್ಕೆ 30ರಷ್ಟು ಇಳಿದರೆ ಅದು ಅಪಾಯಕ್ಕೊಳಗಾಗಬಲ್ಲ ವರ್ಗಕ್ಕೆ, 50ರಷ್ಟು ಇಳಿದರೆ ಅಪಾಯದಲ್ಲಿರುವ ವರ್ಗಕ್ಕೆ ಸೇರಬಹುದು. ಮಲೆನಾಡಿನಲ್ಲಿ ನಾವು ದಿನವೂ ಕೇಳುವ ಮಲಬಾರ್ ಬೂದು ಮಂಗಟ್ಟೆ ಈಗ ಮೊದಲ ವರ್ಗದಲ್ಲಿದೆ. ನೂರಕ್ಕೆ 30ರ ಇಳಿತವನ್ನು ಗುರುತಿಸಬೇಕಾದರೆ ಅಂದಾಜಿನ ತಪ್ಪು ಅದಕ್ಕಿಂತ ಬಹಳ ಕಡಿಮೆಯಿರಬೇಕು. ‘ಸುಮಾರು 2,000, ಹೆಚ್ಚುಕಡಿಮೆ 1,200ರಿಂದ 3,300’ ಎಂದು ಒಂದು ವರ್ಷ ಹೇಳಿ, ಹತ್ತು ವರ್ಷಗಳ ನಂತರ ‘1,500, ಹೆಚ್ಚುಕಡಿಮೆ 900ರಿಂದ 2,500’ ಎಂದರೆ ಇಳಿಯಿತೋ ಇಲ್ಲವೋ ಯಾರೂ ಹೇಳಲಾರರು. ಈ ಹೆಚ್ಚುಕಡಿಮೆಯನ್ನು ಬರೆಯದೆ ಒಂದೇ ಸಂಖ್ಯೆಯನ್ನು ಅಚ್ಚು ಹಾಕುವ ವರದಿಗಳನ್ನು ಓದುವಾಗ ಸ್ವಲ್ಪ ಅನುಮಾನವಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಸಾಮಾನ್ಯ ಹಕ್ಕಿವೀಕ್ಷಕರು ಈ ಕೆಲಸಕ್ಕೆ ನೆರವಾಗಬಹುದೇ? ಯಾವ ತಿಂಗಳಲ್ಲಿ ಆರಂಭಿಸಬೇಕು?
(ಓದುಗರ ಬಳಗ, ಶೃಂಗೇರಿ)

ಉತ್ತರ: ಖಂಡಿತ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿದ್ದು ಸುಮಾರು 30,000 ಹಕ್ಕಿವೀಕ್ಷಕರು ಇ-ಬರ್ಡ್ ಜಾಲಕ್ಕೆ ಸೇರಿಸಿದ ಪಟ್ಟಿಗಳ ಆಧಾರದ ಮೇಲೆ. ಆ ಪಟ್ಟಿಗಳ ಕೊರತೆಯೆಂದರೆ ಹೆಚ್ಚಿನವು ರಸ್ತೆಯ ಹತ್ತಿರದವು, ರಜೆಯ ದಿನದವು ಮತ್ತು ಹೆಸರಾದ ತಾಣಗಳವು. ಆದ್ದರಿಂದ ತಮ್ಮ ಬಳಗಕ್ಕೆ ನನ್ನ ಸಲಹೆ, ಅಪರೂಪದ ಹಕ್ಕಿಯನ್ನು ಹುಡುಕಿಕೊಂಡು ಅಲೆಯುವ ಬದಲು, ಮನೆಯಿಂದ ನಡೆದು ಹೋಗಬಹುದಾದ ಒಂದು ಕಾನಿನಲ್ಲಿ ನಾಲ್ಕೈದು ಬಿಂದುಗಳನ್ನು ಗುರುತಿಸಿಕೊಂಡು, ತಿಂಗಳಿಗೆ ಎರಡು ಬಾರಿ ಅಲ್ಲಿಯೇ ನಿಂತು ಎಣಿಸುವುದು. ಆರಂಭಿಸಿದ ಸಮಯ, ನಿಂತ ನಿಮಿಷ, ಗುರುತು ಸಿಕ್ಕ ಎಲ್ಲ ಜಾತಿಗಳು, ಪ್ರತಿಯೊಂದರ ಸಂಖ್ಯೆ, ಇವಿಷ್ಟನ್ನೂ ಬರೆಯಬೇಕು. ಹತ್ತು ನಿಮಿಷದಲ್ಲಿ ಎರಡೇ ಹಕ್ಕಿ ಸಿಕ್ಕ ದಿನದ ಪಟ್ಟಿಯನ್ನು ನಾಚಿಕೆಯಿಂದ ಬಿಸಾಡಬಾರದು. ಅಂಥ ದಿನಗಳನ್ನು ಕೈಬಿಟ್ಟ ದಾಖಲೆಯಲ್ಲಿ ಹಕ್ಕಿಗಳು ಎಂದಿಗೂ ಕಡಿಮೆಯಾಗುವುದೇ ಇಲ್ಲ.

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ವಲಸೆ ಹಕ್ಕಿಗಳೂ ಸೇರಿರುತ್ತವೆ, ಕಿವಿಗೆ ಅಭ್ಯಾಸವಾಗಲು ಅದು ಒಳ್ಳೆಯ ಕಾಲ. ಮಾರ್ಚ್‌ನಿಂದ ಮೇ ಮೂರನೆಯ ವಾರದವರೆಗೆ ನಮ್ಮ ಕಾಡಿನ ಹಕ್ಕಿಗಳಲ್ಲಿ ಹೆಚ್ಚಿನವು ಹಾಡುತ್ತಿರುತ್ತವೆ, ಮುಖ್ಯ ಎಣಿಕೆ ಆಗಲೇ ನಡೆಯಬೇಕು. ಜೂನ್ ನಂತರ ಮಳೆಯ ಸದ್ದಿನಲ್ಲಿ ಎಣಿಕೆ ಮಾಡಿದ್ದನ್ನು ಉಳಿದ ತಿಂಗಳುಗಳೊಂದಿಗೆ ಹೋಲಿಸಲು ಬರುವುದಿಲ್ಲ. ಮಳೆ ಬಿಟ್ಟ ಬೆಳಗುಗಳಲ್ಲಿ ಹೋದರೆ ಆ ಪಟ್ಟಿಗೆ ಬೇರೆ ಪುಸ್ತಕವಿರಲಿ.